ಕಡತಕ್ಕೆ ಬೀಗ

ಡಾಕ್ಟರಮ್ಮನ ಫೋನು ಬಂದಾಗ ಸೊಸೆ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಒದ್ದೆ ಕೈಯನ್ನು ದಿಂಬಿನ ಚೀಲಕ್ಕೇ ಒರೆಸಿಕೊಂಡು "ಹಲೋ" ಎಂದವಳು ಆಮೇಲೆ ಬಹಳ ಹೊತ್ತು "ಹೂಂ" ಬಿಟ್ಟು ಬೇರೆ ಮಾತೇ ಆಡಲಿಲ್ಲ. ಕೆಳಗಿಳಿದು ಬಂದವಳ ಮುಖ ನೋಡಿ, ಊಟದ ಮೇಜಿನ ಹತ್ತಿರ ಪೇಪರು ಓದುತ್ತಿದ್ದ ಮಾವ ಕನ್ನಡಕ ತೆಗೆದರು.

"ಯಾರಮ್ಮಾ ಫೋನು?"

"ಡಾಕ್ಟ್ರದ್ದು. ನಾನು ಟೈಪ್ ಮಾಡಿದ ರಿಪೋರ್ಟಲ್ಲಿರೋ ವಿಷಯ ಬೀದಿಯವರ ಬಾಯಿಗೆಲ್ಲ ಬಂದುಬಿಟ್ಟಿದೆಯಂತೆ."

"ಯಾರ ವಿಷಯ?"

"ತೊಟ್ಟಿಲಮ್ಮಂದು. ಏಳು ಮಕ್ಕಳು ಬರ್ತಿದ್ವಲ್ಲ ಅಲ್ಲಿಗೆ, ಐದು ಮಕ್ಕಳನ್ನ ಬಿಡಿಸಿಕೊಂಡು ಹೋಗಿದ್ದಾರಂತೆ."

ಮಾವ ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಪೇಪರನ್ನು ಮುಖದ ಎದುರಿಗೆ ಎತ್ತಿ ಹಿಡಿದರು. ಸೊಸೆ ಕುರ್ಚಿ ಎಳೆದುಕೊಂಡು ಕೂತು, "ವರದಿ ಕೇಳಿದ ಕಚೇರಿಯವರು ಬಿಟ್ಟರೆ ಆ ವಿಷಯ ಗೊತ್ತಿರೋದು ಮೂರೇ ಜನಕ್ಕೆ ಅಂದ್ರು. ಅವರಿಗೆ, ತೊಟ್ಟಿಲಮ್ಮಂಗೆ, ನನಗೆ. ನಾನು ಏನಂತ ಹೇಳ್ಲಿ ಮಾವ?" ಎಂದಳು. ಪೇಪರಿನ ಹಾಳೆಯೊಂದು ಮಗುಚಿತು.

ಸೊಸೆ ಮನೆಯಲ್ಲೇ ಕೂತು ಟೈಪಿಂಗ್ ಮಾಡುತ್ತಿದ್ದಳು. ದೊಡ್ಡ ರಸ್ತೆಯ ಕೊನೆಯಲ್ಲಿದ್ದ ಮನೋವೈದ್ಯೆ ಎರಡು ವರ್ಷದಿಂದ ಅವಳಿಗೆ ಕೆಲಸ ಕೊಡುತ್ತಿದ್ದರು. ಕೈಬರಹದ ಹಾಳೆಗಳು ಅಂಟಿಸಿದ ಲಕೋಟೆಯಲ್ಲಿ ಬರುತ್ತಿದ್ದವು. ಟೈಪಾದ ಕಡತಗಳು ಹಿಂದಕ್ಕೆ ಹೋಗುತ್ತಿದ್ದವು. ಕಂಪ್ಯೂಟರಿದ್ದದ್ದು ನಡುಮನೆಯಲ್ಲಿ, ಊಟದ ಮೇಜಿಗೆ ತಾಗಿಕೊಂಡು. ಗಂಡ ಲಿಫ್ಟ್ ರಿಪೇರಿಯವನು. ಯಾವುದೋ ಕಚೇರಿಯವರು ಬಿಸಾಡಿದ್ದನ್ನು ಹೊತ್ತು ತಂದು ಸರಿಮಾಡಿ ಕೊಟ್ಟಿದ್ದ. ಕಾಸು ಕೊಡದೆ ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳುವ ಆಫೀಸ್ ತಂತ್ರಾಂಶ ಹಾಕಿದ್ದರು. ಹಗಲು ಸೊಸೆ, ಸಂಜೆ ಓದಿಗೆ ಮಗಳು ಅದರ ಮುಂದೆ ಕೂರುತ್ತಿದ್ದರು. ಹದಿನಾಲ್ಕು ವರ್ಷದ ಆ ಹುಡುಗಿಯ ಬಾಯಿ ಸ್ವಲ್ಪ ಖಾರ, ಅದಕ್ಕೇ ಮನೆಯಲ್ಲಿ ಎಲ್ಲರೂ ಮೆಣಸು ಎಂದು ಕರೆಯುತ್ತಿದ್ದರು.

ಮಾವ, ಅಂದರೆ ಮೆಣಸಿನ ತಾತ, ಅದರ ಮುಂದೆ ಕೂರುತ್ತಾರೆಂದು ಯಾರಿಗೂ ಗೊತ್ತಿರಲಿಲ್ಲ.

ಅವರು ಮುದ್ರಣಾಲಯದಲ್ಲಿ ಮೂವತ್ತನಾಲ್ಕು ವರ್ಷ ಕರಡು ತಿದ್ದಿದವರು. ನಿವೃತ್ತರಾಗಿ ಆರು ವರ್ಷವಾದರೂ ಅಂಗಡಿ ಬೋರ್ಡಿನ ತಪ್ಪು ಕಂಡರೆ ಒಳಗೆ ಹೋಗಿ ಹೇಳಿ ಬರುತ್ತಿದ್ದರು. ಒಂದು ಮಂಗಳವಾರ ಸೊಸೆ ಕಡತ ತೆರೆದಿಟ್ಟು ಮಾರುಕಟ್ಟೆಗೆ ಹೋಗಿದ್ದಾಗ, ಪರದೆಯ ಮೇಲೆ 'ಅಬ್ಯಾಸ' ಎಂದಿದ್ದದ್ದು ಅವರ ಕಣ್ಣಿಗೆ ಬಿತ್ತು. ಸುಮ್ಮನಿರಲಾಗಲಿಲ್ಲ. ಒಂದೇ ಬೆರಳಲ್ಲಿ ಕೀಲಿ ಹುಡುಕಿ ಹುಡುಕಿ 'ಅಭ್ಯಾಸ' ಮಾಡಿ ಉಳಿಸಿದರು. ಸೊಸೆಗೆ ಗೊತ್ತಾಗಲಿಲ್ಲ. ಮುಂದಿನ ವಾರ ಡಾಕ್ಟರಮ್ಮ ಅವಳ ಕೆಲಸ ಅಚ್ಚುಕಟ್ಟಾಗಿದೆ ಎಂದು ಹೊಗಳಿದರಂತೆ. ಅಂದಿನಿಂದ ಪ್ರತಿ ಮಂಗಳವಾರ ಅವಳು ಚೀಲ ಹಿಡಿದು ಹೊರಟ ಕೂಡಲೇ ತಾತ ಆ ಕುರ್ಚಿಯಲ್ಲಿ ಕೂರುತ್ತಿದ್ದರು. ನಾನು ಅಕ್ಷರ ಓದುತ್ತಿದ್ದೇನೆ, ವಿಷಯವನ್ನಲ್ಲ ಎಂದು ತಮಗೆ ತಾವೇ ಹೇಳಿಕೊಂಡಿದ್ದರು.

ಆದರೆ ತೊಟ್ಟಿಲಮ್ಮನ ವಿಷಯ ತಲೆಯಲ್ಲಿ ನಿಂತುಬಿಟ್ಟಿತು. ಹಿಂದಿನ ಬೀದಿಯಲ್ಲಿ, ಕೆಲಸಕ್ಕೆ ಹೋಗುವವರ ಪುಟ್ಟ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಆಕೆ. ಆ ಹೆಸರೂ ಬೀದಿಯವರೇ ಇಟ್ಟದ್ದು. ಆಕೆಯ ಹಸುಗೂಸು ತೀರಿಹೋದಾಗ ತಲೆ ಕೆಟ್ಟಂತಾಗಿ ಎರಡು ತಿಂಗಳು ಮಾನಸಿಕ ಆಸ್ಪತ್ರೆಯಲ್ಲಿದ್ದಳೆಂದು ವರದಿಯಲ್ಲಿತ್ತು. ಎರಡು ದಿನದ ನಂತರ ಗಡಿಯಾರ ರಿಪೇರಿಯ ಗೆಳೆಯನ ಅಂಗಡಿಯಲ್ಲಿ ಕೂತಿದ್ದಾಗ ಆಕೆಯ ಮಾತು ಬಂತು. "ಪಾಪ, ಆಕೆ ಎಷ್ಟು ನೋವು ತಿಂದಿದ್ದಾಳೆ ನಿನಗೇನು ಗೊತ್ತು" ಎಂದರು ತಾತ. ಅವನು ಕೆದಕಿದ. ತಾತ ಹೇಳಿದರು. ಮರುಕದಿಂದಲೇ ಹೇಳಿದರು, ತಮಗೊಬ್ಬರಿಗೇ ಗೊತ್ತಿದೆ ಎಂಬ ಸಣ್ಣ ಹೆಮ್ಮೆಯೂ ಅದರಲ್ಲಿತ್ತು. "ಯಾರಿಗೂ ಹೇಳ್ಬೇಡ" ಎಂದೂ ಸೇರಿಸಿದರು.

ಡಾಕ್ಟರಮ್ಮನ ಫೋನು ಬಂದ ದಿನ ಸಂಜೆ ಊಟಕ್ಕೆ ಬೇಯಿಸಿದ ಆಲೂಗೆಡ್ಡೆ, ಬೇಳೆ, ಅನ್ನ ಇತ್ತು. ಲಿಫ್ಟಿನವನು ಕೈಯ ಗ್ರೀಸನ್ನು ಎಷ್ಟು ತಿಕ್ಕಿದರೂ ಉಗುರಿನ ಸಂದಿಯಲ್ಲಿ ಉಳಿದದ್ದನ್ನು ಹಾಗೇ ಬಿಟ್ಟು ಕೂತ. ಸೊಸೆ ಬಡಿಸಿದಳು, ತಾನು ಕೂರಲಿಲ್ಲ. ನಿಂತೇ ಮಗಳನ್ನು ಕೇಳಿದಳು.

"ನನ್ನ ಫೈಲು ತೆಗೆದು ನೋಡಿದ್ಯಾ?"

"ಯಾವ ಫೈಲು?"

"ಗೊತ್ತಿಲ್ಲದ ಹಾಗೆ ಆಡ್ಬೇಡ. ತೊಟ್ಟಿಲಮ್ಮಂದು."

"ನಾನ್ಯಾಕೆ ನೋಡ್ಲಿ? ನಂಗೆ ನನ್ನ ಲೆಕ್ಕನೇ ಮುಗಿಯಲ್ಲ."

"ಮೊದಲು ಮಗೂನ ಬಿಡಿಸಿಕೊಂಡವರು ಯಾರು? ನಿನ್ನ ಗೆಳತಿ ಅಮ್ಮ. ನಿನ್ನ ಪಕ್ಕದಲ್ಲೇ ಕೂರ್ತಾಳಲ್ಲ, ಅವಳ ಅಮ್ಮ!"

"ಪಕ್ಕದಲ್ಲಿ ಕೂತರೆ ಹೇಳಿಬಿಟ್ಟೆ ಅಂತಾನಾ?"

"ಇನ್ಯಾರು ಹೇಳ್ತಾರೆ? ಈ ಕಂಪ್ಯೂಟರ್ ಮುಟ್ಟೋರು ನಾನು, ನೀನು. ನಿಮ್ಮಪ್ಪಂಗೆ ಮನೇಲಿರೋಕೇ ಪುರುಸೊತ್ತಿಲ್ಲ. ತಾತಂಗೆ ಅದನ್ನ ಆನ್ ಮಾಡೋದಕ್ಕೇ ಬರಲ್ಲ."

ತಾತ ಅನ್ನ ಕಲಸುತ್ತಿದ್ದರು. ಬೆರಳುಗಳು ತಟ್ಟೆಯಲ್ಲೇ ನಿಂತವು. ಮಾತು ಬಾಯಿಯ ತನಕ ಬಂತು. ಅಷ್ಟರಲ್ಲಿ ಮಗ, "ಹೋಗ್ಲಿ ಬಿಡೇ, ಮಗು, ಏನೋ ಬಾಯಿ ತಪ್ಪಿ ಹೇಳಿರ್ಬೇಕು" ಎಂದ. ತಾತ ಆ ಮಾತನ್ನು ಅನ್ನದ ಜೊತೆ ನುಂಗಿದರು.

"ನಾನು ಹೇಳಿಲ್ಲ ಅಪ್ಪ!" ಮೆಣಸು ಎದ್ದು ನಿಂತಳು. "ಹೇಳಿಲ್ಲ ಅಂದ್ರೆ ಹೇಳಿಲ್ಲ."

"ಕೂತ್ಕೋ. ಇವತ್ತಿಂದ ಕಂಪ್ಯೂಟರ್ ಮುಟ್ಟಬೇಡ. ನಿನ್ನ ಶಾಲೆ ಕೆಲಸ ಶಾಲೇಲೇ ಮಾಡ್ಕೊಂಡು ಬಾ."

ಹುಡುಗಿ ಉಣ್ಣದೆ ಎದ್ದು ಹೋದಳು. ಅವಳ ತಟ್ಟೆಯ ಆಲೂಗೆಡ್ಡೆಯನ್ನು ಯಾರೂ ಮುಟ್ಟಲಿಲ್ಲ.

ಮಾರನೆಯ ದಿನ ಸೊಸೆ ತೊಟ್ಟಿಲಮ್ಮನ ಮನೆಗೂ, ಡಾಕ್ಟರಮ್ಮನ ಹತ್ತಿರಕ್ಕೂ ಹೋಗಿ ಬಂದಳು. ತೊಟ್ಟಿಲಮ್ಮ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದಳಂತೆ. ಡಾಕ್ಟರಮ್ಮ ಒಳಗೆ ಕರೆದು ಕೂರಿಸಿದರೂ ಮುಖ ಕೊಟ್ಟು ಮಾತಾಡಲಿಲ್ಲವಂತೆ. ಇನ್ನೊಂದು ಸಲ ನಂಬುತ್ತೇನೆ, ಇನ್ನು ಮೇಲೆ ಪ್ರತಿ ಕಡತಕ್ಕೂ ಪಾಸ್‌ವರ್ಡ್ ಹಾಕಿರಬೇಕು, ಅದನ್ನು ನನಗೆ ಮಾತ್ರ ಫೋನಲ್ಲಿ ಹೇಳಬೇಕು ಎಂದಿದ್ದರು.

ಪಾಸ್‌ವರ್ಡ್ ಹಾಕುವುದು ಹೇಗೆಂದು ಸೊಸೆಗೆ ಗೊತ್ತಿರಲಿಲ್ಲ. ಅದಕ್ಕೆ ಬೇರೆಯೇ ತಂತ್ರಾಂಶ ಕೊಳ್ಳಬೇಕೇನೋ ಎಂದು ಎರಡು ದಿನ ಒದ್ದಾಡಿದಳು. ಗಂಡನನ್ನು ಕೇಳಿದರೆ, "ನನಗೆ ಹಗ್ಗ, ರಾಟೆ ಗೊತ್ತು. ಇದೆಲ್ಲ ಅವಳಿಗೇ ಗೊತ್ತು, ಕೇಳು" ಎಂದು ಮಗಳ ಕಡೆ ಕೈ ತೋರಿಸಿದ. ಕೊನೆಗೆ ಭಾನುವಾರ ಮಧ್ಯಾಹ್ನ, ಪಾತ್ರೆ ತೊಳೆದಾದ ಮೇಲೆ, ಸೊಸೆ ಗೋಡೆಯ ಕಡೆ ನೋಡಿಕೊಂಡು ಹೇಳಿದಳು.

"ಫೈಲಿಗೆ ಪಾಸ್‌ವರ್ಡ್ ಹಾಕೋದು ಹೇಗೆ ಅಂತ ತೋರಿಸು."

"ಮುಟ್ಟಬಾರದು ಅಂದಿದ್ಯಲ್ಲ."

"ಮುಟ್ಟಬೇಡ. ಹಿಂದೆ ನಿಂತು ಹೇಳು."

ಮೆಣಸು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. "ಇದಕ್ಕೆ ಏನೂ ಕೊಳ್ಳೋದು ಬೇಡ, ಇದರಲ್ಲೇ ಇದೆ. ಫೈಲ್ ಒತ್ತು. 'ಸೇವ್ ಆಸ್' ಅಂತ ಇದ್ಯಲ್ಲ, ಅದು. ಈಗ ಈ ಕಿಟಕಿ ಬಂತಲ್ಲ, ಕೆಳಗೆ ಒಂದು ಪುಟ್ಟ ಚೌಕ ಇದೆ ನೋಡು, 'ಪಾಸ್‌ವರ್ಡ್ ಇಟ್ಟು ಉಳಿಸು' ಅಂತ. ಅದಕ್ಕೆ ಟಿಕ್ ಹಾಕು. ಈಗ ಉಳಿಸು. ಎರಡು ಸಲ ಕೇಳುತ್ತೆ, ಎರಡು ಸಲಾನೂ ಒಂದೇ ಕೊಡು."

"ಮರೆತರೆ?"

"ಮರೆತರೆ ಹೋಯ್ತು. ಯಾರಿಗೆ ಫೋನ್ ಮಾಡಿದ್ರೂ ತೆಗೆದುಕೊಡಲ್ಲ. ಆಮೇಲೆ ಹಳೇ ಫೈಲು ಬೀಗ ಇಲ್ಲದೆ ಇನ್ನೊಂದು ಹೆಸರಲ್ಲಿ ಹಾಗೇ ಬಿದ್ದಿರುತ್ತೆ, ಅದನ್ನ ಅಳಿಸು. ಇಲ್ಲದಿದ್ರೆ ಮುಂದಿನ ಬಾಗಿಲಿಗೆ ಬೀಗ ಹಾಕಿ ಹಿಂದಿನದನ್ನ ತೆರೆದಿಟ್ಟ ಹಾಗೆ."

ಸೊಸೆ ಕೀಲಿಗಳ ಮೇಲೆ ಬೆರಳಿಟ್ಟು ತಿರುಗಿ ನೋಡಿದಳು.

"ಆ ಕಡೆ ತಿರುಗಿಕೋ."

ಹುಡುಗಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕಿವಿಯವರೆಗೂ ಕೆಂಪಾದಳು. ತಿರುಗಿದಳು. ತಿರುಗಿದ ಕಡೆ ತಾತ ಕೂತಿದ್ದರು. ಅವಳ ಕಣ್ಣು ತುಂಬಿಕೊಂಡದ್ದು, ತುಟಿ ಕಚ್ಚಿ ಅದನ್ನು ತಡೆಹಿಡಿದದ್ದು, ಎಲ್ಲವೂ ಮೂರು ಅಡಿ ದೂರದಲ್ಲಿ ಅವರಿಗೆ ಕಂಡಿತು. ಹಿಂದಿನಿಂದ ಕೀಲಿ ಒತ್ತುವ ಸದ್ದು ಒಂದು ಸಲ ಬಂತು, ನಿಂತಿತು, ಮತ್ತೊಮ್ಮೆ ಬಂತು.

"ಆಯ್ತು" ಎಂದಳು ಸೊಸೆ. "ಇನ್ನು ಹಳೇದು ಎಲ್ಲಿದೆ?"

ಮೆಣಸು ಕಣ್ಣೊರೆಸಿಕೊಂಡು ಪರದೆಯ ಕಡೆ ತಿರುಗಿದಳು. ಹಳೆಯ ಕಡತಗಳ ಪಟ್ಟಿ ತೆರೆದುಕೊಂಡಿತ್ತು. ಒಂದೊಂದರ ಎದುರಿಗೂ ಅದನ್ನು ಕೊನೆಯ ಸಲ ಬದಲಾಯಿಸಿದ ದಿನ, ಹೊತ್ತು ಕಾಣುತ್ತಿದ್ದವು. ಹುಡುಗಿ ಅದನ್ನೇ ಸ್ವಲ್ಪ ಹೊತ್ತು ನೋಡಿದಳು. ನಂತರ ತಾತನ ಕಡೆ ನೋಡಿದಳು. "ಎಲ್ಲ ಆರಿಸಿ ಅಳಿಸಿಬಿಡು" ಎಂದು ಅಮ್ಮನಿಗೆ ಹೇಳಿ ಒಳಗೆ ಹೋದಳು.

ತಾತ ಮಾರನೆಯ ದಿನವೇ ಗಡಿಯಾರದವನ ಅಂಗಡಿಗೆ ಹೋದರು. ಅವನು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಚಿಮುಟದಲ್ಲಿ ಯಾವುದೋ ಸ್ಪ್ರಿಂಗು ಹಿಡಿದಿದ್ದ.

"ಯಾರಿಗೆ ಹೇಳ್ದೆ ನೀನು?"

"ಏನನ್ನ? ಓ, ಅದಾ. ನನ್ನ ಹೆಂಡ್ತಿಗೆ ಒಂದು ಮಾತು ಹೇಳಿದ್ದೆ ಅಷ್ಟೇ. ಮೊಮ್ಮಗನ್ನ ಅಲ್ಲಿ ಬಿಡೋಣ ಅಂತಿದ್ಲು, ಹೇಳದೆ ಹೇಗಿರ್ಲಿ?"

"ಯಾರಿಗೂ ಹೇಳ್ಬೇಡ ಅಂದಿದ್ದೆ."

"ನೀನೂ ಯಾರೋ ಹೇಳ್ಬೇಡ ಅಂದಿದ್ದನ್ನೇ ತಾನೇ ನನಗೆ ಹೇಳಿದ್ದು?" ಗಡಿಯಾರದವನು ನಕ್ಕ. "ಹೆದರ್ಬೇಡ, ನಿನ್ನ ಹೆಸರು ಎಲ್ಲೂ ಎತ್ತಿಲ್ಲ. ನಿನ್ನ ಮರ್ಯಾದೆ ನನ್ನ ಹತ್ತಿರ ಭದ್ರವಾಗಿದೆ."

ತಾತನಿಗೆ ಮೊದಲು ಹಗುರವಾಯಿತು. ಅಂಗಡಿಯ ಮೆಟ್ಟಿಲು ಇಳಿಯುವಷ್ಟರಲ್ಲಿ, ಹಗುರವಾಯಿತಲ್ಲ ಎಂದೇ ನಾಚಿಕೆಯಾಯಿತು.

ಮನೆಯಲ್ಲಿ ಆಮೇಲಿನ ದಿನಗಳು ಒಗ್ಗರಣೆಯಿಲ್ಲದ ಅಡುಗೆಯ ಹಾಗೆ ಕಳೆದವು. ಸೊಸೆ ಮಗಳ ಹತ್ತಿರ "ನೀರು ತುಂಬಿಸು", "ಬಟ್ಟೆ ಮಡಿಚು" ಎಂಬಷ್ಟೇ ಮಾತಾಡುತ್ತಿದ್ದಳು. ಮೆಣಸು ಹೇಳಿದ್ದನ್ನು ಮಾಡುತ್ತಿದ್ದಳು. ಎದುರುತ್ತರವೇ ಇಲ್ಲ. ಲಿಫ್ಟಿನವನು ಒಂದು ದಿನ, "ಏನೇ ಇದು, ಮನೆಯೋ ಆಸ್ಪತ್ರೆಯೋ? ಮೆಣಸು ಬೈದರೂ ಪರವಾಗಿಲ್ಲ, ಒಂದು ಮಾತಾಡಲಿ" ಎಂದು ರೇಗಿದ. ಯಾರೂ ನಗಲಿಲ್ಲ.

ಶಾಲೆಯ ವಾರ್ಷಿಕ ಸಂಚಿಕೆಗೆ ಆ ವರ್ಷ ಮೆಣಸನ್ನು ಸಂಪಾದಕಿ ಮಾಡಿದ್ದರು. ಎಲ್ಲರ ಬರಹಗಳನ್ನು ಟೈಪ್ ಮಾಡಿ, ಜೋಡಿಸಿ ಕೊಡಬೇಕಿತ್ತು. ಶಾಲೆಯ ಕಂಪ್ಯೂಟರು ವಾರಕ್ಕೆ ಒಂದು ಗಂಟೆ ಸಿಗುತ್ತಿತ್ತು. ಮೂರನೆಯ ವಾರ ಅವಳು ಮನೆಗೆ ಬಂದು ಚೀಲ ಇಳಿಸುತ್ತ, "ಸಂಚಿಕೆ ಕೆಲಸ ಬೇರೆಯವರಿಗೆ ಕೊಟ್ರು" ಎಂದಳು.

"ಯಾಕೆ?" ಎಂದರು ತಾತ.

"ಟೈಮಿಗೆ ಆಗ್ಲಿಲ್ಲ ನನ್ನ ಕೈಲಿ."

"ಕೈಯಲ್ಲಿ ಬರೆದುಕೊಡು, ನಾನು ಕರಡು ನೋಡಿಕೊಡ್ತೀನಿ."

"ಬೇಡ ತಾತ."

ಆ 'ಬೇಡ'ದಲ್ಲಿ ಖಾರವಿರಲಿಲ್ಲ. ತಾತ ಸಂಜೆ ಬೇಕರಿಗೆ ಹೋಗಿ ಅವಳಿಗೆ ಇಷ್ಟವಾದ ಬೆಣ್ಣೆ ಬಿಸ್ಕತ್ತು ಕಟ್ಟಿಸಿಕೊಂಡು ಬಂದರು. ಪೊಟ್ಟಣ ಮೇಜಿನ ಮೇಲೆ ಎರಡು ದಿನ ಇತ್ತು. ಮೂರನೆಯ ದಿನ ಸೊಸೆ ಅದನ್ನು ಗಂಡನ ಊಟದ ಡಬ್ಬಿಗೆ ಹಾಕಿ ಕಳಿಸಿದಳು.

ಹೇಳಿಬಿಡಬೇಕೆಂದು ತಾತ ಮೂರು ಸಲ ಹೊರಟಿದ್ದರು. ಒಂದು ಸಲ ಸೊಸೆ ಈರುಳ್ಳಿ ಹೆಚ್ಚುತ್ತಿದ್ದಳು, ಅವಳ ಕಣ್ಣಲ್ಲಿ ನೀರು ಬರುತ್ತಿತ್ತು, ಈಗ ಬೇಡ ಅನ್ನಿಸಿತು. ಇನ್ನೊಂದು ಸಲ ಅವಳೇ, "ನೀವೊಬ್ಬರು ಮಾವ, ಈ ಮನೇಲಿ ಒಂದು ಮಾತನ್ನ ಹೊಟ್ಟೇಲಿ ಇಟ್ಟುಕೊಳ್ಳೋರು" ಎಂದುಬಿಟ್ಟಳು. ಮೂರನೆಯ ಸಲ ಬಾಗಿಲ ತನಕ ಹೋಗಿ ನಿಂತು, "ಕಾಫಿ ಇದೆಯಾ ಅಮ್ಮ" ಎಂದು ಕೇಳಿ ವಾಪಸು ಬಂದರು.

ನಾಲ್ಕನೆಯ ವಾರದ ಶನಿವಾರ ಬೆಳಿಗ್ಗೆ ಸೊಸೆಯ ಕಡತ ತೆರೆಯಲಿಲ್ಲ.

ಹಿಂದಿನ ದಿನವಿಡೀ ಕೂತು ಟೈಪ್ ಮಾಡಿದ್ದ ನಲವತ್ತು ಪುಟ. ಮಧ್ಯಾಹ್ನದ ಒಳಗೆ ಡಾಕ್ಟರಮ್ಮನಿಗೆ ಹೋಗಬೇಕಿತ್ತು. ಪಾಸ್‌ವರ್ಡ್ ಹಾಕಿದರೆ ತಪ್ಪು ಎಂದಿತು. ಮತ್ತೆ ಹಾಕಿದಳು. ತಪ್ಪು. ಒಂದೊಂದೇ ಕೀಲಿಯನ್ನು ನೋಡಿ ನೋಡಿ ಒತ್ತಿದಳು. ತಪ್ಪು. ಒಲೆಯ ಮೇಲೆ ಬೇಳೆ ಹತ್ತಿಕೊಂಡ ವಾಸನೆ ಬರುವವರೆಗೂ ಅವಳಿಗೆ ಮೈಮೇಲೆ ಎಚ್ಚರವಿರಲಿಲ್ಲ. ಅಂದು ಲಿಫ್ಟಿನವನಿಗೂ ರಜೆ; ಓಡಿಹೋಗಿ ಒಲೆ ಆರಿಸಿದ.

"ಮೆಣಸನ್ನ ಕರಿ" ಎಂದ.

ಹುಡುಗಿ ಬಂದು ಬೆನ್ನ ಹಿಂದೆ ಕೈಕಟ್ಟಿ ನಿಂತಳು. ಆ ನಿಲುವು ಅಭ್ಯಾಸವೇ ಆಗಿಬಿಟ್ಟಿತ್ತು.

"ಏನು ಕೊಟ್ಟಿದ್ದೆ ಅಂತ ಹೇಳಿದ್ರೆ ಎಲ್ಲಿ ತಪ್ಪಾಗ್ತಿದೆ ನೋಡಬಹುದು."

ಸೊಸೆ ಕೀಲಿಗಳ ಮೇಲಿಂದ ಕೈ ತೆಗೆದಳು.

"ಹೇಳೇ," ಎಂದ ಗಂಡ. "ಮಧ್ಯಾಹ್ನಕ್ಕೆ ಕೊಡ್ಬೇಕು ಅಂತಿದ್ದೀಯ."

"ಹೇಗೆ ಹೇಳ್ಲಿ? ಇವಳಿಗೆ ಹೇಳಿ, ನಾಳೆ ಇನ್ನೊಬ್ಬರ ಮನೆ ಹಾಳಾದರೆ?"

ಮೆಣಸು ನೆಲ ನೋಡುತ್ತಿದ್ದಳು. ತಾತ ಕುರ್ಚಿಯ ತೋಳು ಹಿಡಿದು ಎದ್ದರು. ಎದ್ದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಮತ್ತೆ ಕುರ್ಚಿಯ ಬೆನ್ನನ್ನೇ ಹಿಡಿದು ನಿಂತರು.

"ಅವಳಿಗೆ ಹೇಳಮ್ಮ. ಅವಳಲ್ಲ."

"ಏನು ಮಾವ?"

"ಓದಿದ್ದು ನಾನು. ಗಡಿಯಾರದವನಿಗೆ ಹೇಳಿದ್ದೂ ನಾನೇ. ಕಾಗುಣಿತ ತಿದ್ದೋಣ ಅಂತ ಕೂತೆ. ನೀನು ಮಾರ್ಕೆಟ್ಟಿಗೆ ಹೋದಾಗೆಲ್ಲ ಕೂರ್ತಿದ್ದೆ."

ಸೊಸೆಗೆ ಕೇಳಿಸಿದ್ದು ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. "ನಿಮಗೆ ಆನ್ ಮಾಡೋಕೂ ಬರಲ್ಲ" ಎಂದಳು, ಅದೇ ಇನ್ನೂ ನಿಜವಾಗಿರಲಿ ಎಂಬಂತೆ.

"ಬರುತ್ತೆ."

"ನಾಲ್ಕು ವಾರ ಮಾವ." ಅವಳ ದನಿ ಏರಲಿಲ್ಲ. "ಓದಿದ್ರಿ, ಹೇಳಿದ್ರಿ, ಅದು ಬಿಡಿ. ನಾಲ್ಕು ವಾರ ಈ ಮಗು ಎದುರಿಗೇ ಕೂತು ಊಟ ಮಾಡಿದ್ರಲ್ಲ. ಗಂಟಲಲ್ಲಿ ಹೇಗೆ ಇಳೀತು?"

ಮಗ ಕಿಟಕಿಯ ಹತ್ತಿರ ನಿಂತಿದ್ದ. ಅಪ್ಪನ ಮುಖ ನೋಡದೆ ಮಾತಾಡಿದ.

"ಚಿಕ್ಕವನಿದ್ದಾಗ ಪೆನ್ನು ಕಳೆದು ಹಾಕಿ, ತಮ್ಮ ಕಳೆದ ಅಂತ ಸುಳ್ಳು ಹೇಳಿದ್ದೆ. ಮೂರು ದಿನ ನನ್ನ ಜೊತೆ ಮಾತಾಡಿರಲಿಲ್ಲ ನೀವು. ತಪ್ಪು ಮಾಡಿದವನಿಗಿಂತ ಬೇರೆಯವರ ತಲೆಗೆ ಕಟ್ಟಿದವನು ಕೀಳು ಅಂದಿದ್ರಿ. ನಾನು ಇವತ್ತಿನವರೆಗೂ ಅದನ್ನೇ ನಂಬಿಕೊಂಡು ಬಂದಿದೀನಿ ಅಪ್ಪ."

"ಸರಿಯಾಗೇ ಹೇಳಿದ್ದೆ" ಎಂದರು ತಾತ. ಮೊಮ್ಮಗಳ ಕಡೆ ತಿರುಗಿ, "ಮಗಾ..." ಎಂದರು.

"ನಂಗೆ ಗೊತ್ತಿತ್ತು ತಾತ."

ಮೂವರೂ ಅವಳನ್ನು ನೋಡಿದರು.

"ಹಳೇ ಫೈಲೆಲ್ಲ ಮಂಗಳವಾರ ಹನ್ನೊಂದು ಗಂಟೆಗೆ ಬದಲಾಗಿದ್ವು. ಆಗ ನಾನು ಶಾಲೇಲಿರ್ತೀನಿ, ಅಮ್ಮ ಮಾರ್ಕೆಟ್ಟಲ್ಲಿ. ನೀವೊಬ್ಬರೇ ಮನೇಲಿ."

"ಮತ್ಯಾಕೆ ಹೇಳಲಿಲ್ಲ?" ಸೊಸೆ ಕೂಗಿಯೇಬಿಟ್ಟಳು. "ನನಗಾದರೂ ಹೇಳೋದಲ್ವಾ?"

"ತಾತನೇ ಹೇಳ್ತಾರೆ ಅಂದ್ಕೊಂಡೆ. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ." ಹುಡುಗಿ ಮೂಗೊರೆಸಿಕೊಂಡಳು. "ಹೋಗ್ಲಿ ಬಿಡು. ಆ ಪಾಸ್‌ವರ್ಡ್ ನಂಗೆ ಹೇಳೋದೇನೂ ಬೇಡಮ್ಮ. ನಿನ್ನೆ ನೀನು ಕನ್ನಡದಲ್ಲಿ ಟೈಪ್ ಮಾಡ್ತಾ ಇದ್ದವಳು ಕೀಬೋರ್ಡ್ ಇಂಗ್ಲಿಷಿಗೆ ಬದಲಾಯಿಸದೇನೇ ಪಾಸ್‌ವರ್ಡ್ ಕೊಟ್ಟಿರ್ತೀಯ. ಚುಕ್ಕೆ ಮಾತ್ರ ಕಾಣೋದು, ಗೊತ್ತಾಗಿಲ್ಲ. ಈಗ ಕನ್ನಡಕ್ಕೆ ಬದಲಾಯಿಸಿ ಅದೇ ಕೀಲಿಗಳನ್ನ ಒತ್ತು."

ಹೇಳಿ, ಯಾರೂ ಹೇಳದೆಯೇ, ಗೋಡೆಯ ಕಡೆ ತಿರುಗಿ ನಿಂತಳು.

ಕಡತ ತೆರೆದುಕೊಂಡಿತು. ಸೊಸೆ ಅದನ್ನು ನೋಡಲೇ ಇಲ್ಲ. ಎದ್ದು ಹೋಗಿ ಮಗಳನ್ನು ಹಿಂದಿನಿಂದ ತಬ್ಬಿಕೊಂಡಳು. ಹುಡುಗಿ ಮೈ ಬಿಗಿಹಿಡಿದೇ ನಿಂತಿದ್ದಳು. ಬಿಡಿಸಿಕೊಳ್ಳಲೂ ಇಲ್ಲ, ತಿರುಗಲೂ ಇಲ್ಲ. ತಾತ ಹೊರಗೆ ಹೋಗಿ ಚಪ್ಪಲಿ ಬಿಡುವ ಕಲ್ಲಿನ ಮೇಲೆ ಕೂತರು. ಹತ್ತಿದ ಬೇಳೆಯ ಪಾತ್ರೆಯನ್ನು ಲಿಫ್ಟಿನವನು ಹಿತ್ತಲಲ್ಲಿ ತಿಕ್ಕುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಸೋಮವಾರ ಸೊಸೆ ಡಾಕ್ಟರಮ್ಮನಿಗೆ ನಿಜ ಹೇಳಿದಳು. ಮನೆಯವರಿಂದಲೇ ಆದ ತಪ್ಪು, ಯಾರಿಂದ ಎಂದು ಕೇಳಬೇಡಿ ಎಂದಳು. ಡಾಕ್ಟರಮ್ಮ ಕೇಳಲಿಲ್ಲ. ಲಕೋಟೆಗಳು ಮಾತ್ರ ಬರುವುದು ನಿಂತವು. ಅವಳು ವಕೀಲರೊಬ್ಬರ ಕಚೇರಿಗೆ ಹೋಗಿ ಕೂತು ಟೈಪ್ ಮಾಡತೊಡಗಿದಳು. ಬೆಳಿಗ್ಗೆ ಎಂಟಕ್ಕೆ ಹೋದರೆ ಸಂಜೆ ಆರಕ್ಕೆ ಬರುತ್ತಿದ್ದಳು. ಅಡುಗೆ ತಾತನ ಪಾಲಿಗೆ ಬಂತು. ಯಾರೂ ಹೇಳಿರಲಿಲ್ಲ. ಅನ್ನ ಒಂದು ದಿನ ಮುದ್ದೆಯಾಗುತ್ತಿತ್ತು, ಒಂದು ದಿನ ಅಕ್ಕಿಯಾಗೇ ಉಳಿಯುತ್ತಿತ್ತು. ಮೆಣಸು ಶಾಲೆಯಿಂದ ಬಂದು ಹೇಗಿದ್ದರೆ ಹಾಗೆ ಉಣ್ಣುತ್ತಿದ್ದಳು. "ಉಪ್ಪು ಕಮ್ಮಿಯಾ?" ಎಂದರೆ "ಇಲ್ಲ" ಎನ್ನುತ್ತಿದ್ದಳು, ಕಮ್ಮಿಯಿದ್ದರೂ.

ಒಂದು ದಿನ ಸೊಸೆ ಕೆಲಸಕ್ಕೆ ಹೊರಡುತ್ತ ಬಾಗಿಲಲ್ಲಿ ನಿಂತಳು.

"ಮಾವ, ತೊಟ್ಟಿಲಮ್ಮನ ಹತ್ತಿರ ಹೋಗಿ ಬಂದ್ರಾ?"

"ಇಲ್ಲ ಅಮ್ಮ."

"ನಾನು ಅವತ್ತೇ ಹೋಗಿದ್ದೆ. ತಪ್ಪು ನನ್ನದು ಅಂತಲೇ ಹೇಳಿ ಬಂದಿದ್ದೆ. ಅವರು ನನ್ನನ್ನೇ ಬೈದರು. ಬೈಸಿಕೊಂಡೆ." ಇಷ್ಟು ಹೇಳಿ ಅವಳು ಹೊರಟುಹೋದಳು.

ತಾತ ಆ ಮಧ್ಯಾಹ್ನವೇ ಹೋದರು. ತೊಟ್ಟಿಲಮ್ಮನ ಮನೆಯ ಮುಂದಿನ ಕೋಣೆಯಲ್ಲಿ ಏಳು ಪುಟ್ಟ ಚಾಪೆಗಳಲ್ಲಿ ಐದು ಸುರುಳಿ ಸುತ್ತಿಕೊಂಡು ಮೂಲೆಯಲ್ಲಿ ನಿಂತಿದ್ದವು. ಎರಡರ ಮೇಲೆ ಎರಡು ಮಕ್ಕಳು ಮಲಗಿದ್ದವು. ಆಕೆ ಬಾಗಿಲ ಹತ್ತಿರ ಕೂತು ಪುಟ್ಟ ಲೋಟಗಳನ್ನು ಒರೆಸುತ್ತಿದ್ದಳು. ಐವತ್ತರ ಹತ್ತಿರದ, ಗಟ್ಟಿಮುಟ್ಟಾದ ಹೆಂಗಸು.

ತಾತ ನಿಂತೇ ಹೇಳಿದರು. ಪೂರ್ತಿ ಹೇಳಿದರು, ಗಡಿಯಾರದವನ ಅಂಗಡಿಯವರೆಗೂ. ಆಕೆ ಕೈಯಲ್ಲಿದ್ದ ಲೋಟವನ್ನು ಒರೆಸಿ ಮುಗಿಸಿ ಕೆಳಗಿಟ್ಟಳು.

"ನಿಮ್ಮ ಸೊಸೆನ ಬಾಯಿಗೆ ಬಂದ ಹಾಗೆ ಬೈದೆನಲ್ಲ ನಾನು."

"ಅದೂ ನನ್ನಿಂದಲೇ ಆಗಿದ್ದು."

"ಪೂರ್ತಿ ಓದಿದ್ರಾ ಅದನ್ನ?"

"ಓದಿದೆ."

"ಏನು ಬರೆದಿತ್ತು?"

ತಾತನಿಗೆ ಅರ್ಥವಾಗಲಿಲ್ಲ.

"ಕೇಳಿದ್ದಕ್ಕೆ ಹೇಳಿ. ಮಕ್ಕಳನ್ನ ನೋಡಿಕೊಳ್ಳೋ ಪರವಾನಗಿಗೆ ಕಚೇರಿಯವರು ಡಾಕ್ಟ್ರ ಹತ್ತಿರ ವರದಿ ಕೇಳಿದ್ರು. ಅಂಟಿಸಿದ ಲಕೋಟೆಲಿ ನೇರ ಅಲ್ಲಿಗೇ ಹೋಯ್ತು. ನಾನು ನೋಡಿಲ್ಲ. ಏನು ಬರೆದಿರ್ತಾರೋ ಅಂತ ಕೇಳೋಕೂ ಭಯ. ನೀವು ನೋಡಿದ್ದೀರಲ್ಲ, ಹೇಳಿ."

ಮೂವತ್ತನಾಲ್ಕು ವರ್ಷ ಕರಡು ತಿದ್ದಿದ ತಲೆಯಲ್ಲಿ ಸಾಲುಗಳು ಹಾಗೇ ಇದ್ದವು. ತಾತ ಒಂದೊಂದಾಗಿ ಹೇಳಿದರು. ಕೂಸಿನ ವಿಷಯ, ಆಸ್ಪತ್ರೆಯ ವಿಷಯ. ಆಕೆ ಕಣ್ಣು ಮುಚ್ಚಿ ಕೇಳಿದಳು. ಕೊನೆಯ ಸಾಲುಗಳಿಗೆ ಬಂದಾಗ ತಾತನ ನಾಲಿಗೆ ತಡವರಿಸಿತು.

"'ಅದಾಗಿ ಇಪ್ಪತ್ತೆರಡು ವರ್ಷಗಳು ಕಳೆದಿವೆ. ತೊಂದರೆ ಒಮ್ಮೆಯೂ ಮರುಕಳಿಸಿಲ್ಲ. ಚಿಕ್ಕ ಮಕ್ಕಳ ಆರೈಕೆಗೆ ಇವರಷ್ಟು ತಾಳ್ಮೆಯುಳ್ಳವರನ್ನು ನಾನು ಕಂಡಿಲ್ಲ. ಪರವಾನಗಿ ನೀಡಲು ಯಾವ ಅಡ್ಡಿಯೂ ಇಲ್ಲ.' ಅಷ್ಟೇ."

ಆಕೆ ಕಣ್ಣು ತೆರೆದಳು.

"ಈ ಕೊನೇದನ್ನ ಗಡಿಯಾರದವರಿಗೆ ಹೇಳಿದ್ರಾ?"

"ಇಲ್ಲ."

"ಯಾಕೆ?"

ತಾತ ಹುಡುಕಿದರು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಅದು... ಹೇಳುವಂಥ ವಿಷಯ ಅಂತ ಅನ್ನಿಸಲಿಲ್ಲ."

ತೊಟ್ಟಿಲಮ್ಮ ತಲೆಯಾಡಿಸಿದಳು. ಆ ಮಾತು ತನಗೆ ಮೊದಲೇ ಗೊತ್ತಿತ್ತು ಎಂಬಂತೆ.

"ಈಗ ಹೋಗಿ ಹೇಳ್ತೀನಿ," ಎಂದರು ತಾತ ಅವಸರದಿಂದ. "ಐದೂ ಮನೆಗೆ ಹೋಗ್ತೀನಿ. ನಾನೇ ಓದಿದ್ದು ಅಂತ ಹೇಳಿ, ಡಾಕ್ಟ್ರು ಬರೆದದ್ದನ್ನ..."

"ಬೇಡ. ನನ್ನ ವಿಷಯ ಇನ್ನು ನಿಮ್ಮ ಬಾಯಲ್ಲಿ ಬರೋದು ಬೇಡ. ಒಳ್ಳೇದೂ ಬೇಡ."

ಒಂದು ಮಗು ಎದ್ದು ಅಳತೊಡಗಿತು. ಆಕೆ ಅದನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಇನ್ನೊಂದು ಏಳದಂತೆ, ಸದ್ದಾಗದ ಹಾಗೆ ಬಾಗಿಲು ಮುಚ್ಚಿದಳು.

ಸಂಜೆ ಸೊಸೆ ಕೆಲಸದಿಂದ ಬಂದು ಕೈಕಾಲು ತೊಳೆದುಕೊಂಡಳು. ತಾತ ತಟ್ಟೆಗಳನ್ನು ಜೋಡಿಸುತ್ತಿದ್ದರು. ಮೆಣಸು ಕಂಪ್ಯೂಟರಿನ ಮುಂದೆ ಲೆಕ್ಕ ಮಾಡುತ್ತಿದ್ದಳು. ಮಗ ಚಪ್ಪಲಿ ಬಿಟ್ಟು ಒಳಗೆ ಬಂದ.

"ಹೋಗಿದ್ರಾ ಮಾವ?"

"ಹೋಗಿದ್ದೆ."

"ಹೇಳಿದ್ರಾ?"

"ಎಲ್ಲ ಹೇಳ್ದೆ."

"ಏನಂದ್ರು?"

ಮೂವರೂ ಕಾಯುತ್ತಿದ್ದರು. ಆಕೆ ಒರೆಸುತ್ತಿದ್ದ ಲೋಟ, ಸುತ್ತಿಟ್ಟ ಚಾಪೆಗಳು, ಕಣ್ಣು ಮುಚ್ಚಿ ಕೇಳಿದ್ದು, ಎಲ್ಲವೂ ತಾತನ ನಾಲಿಗೆಯ ತುದಿಯಲ್ಲಿದ್ದವು. ಹೇಳಿದರೆ ಮನೆಯವರ ಕಣ್ಣಲ್ಲಿ ತಾವು ಒಂದಿಷ್ಟು ಮೇಲೇಳಬಹುದಿತ್ತು.

"ಅದು ಅವರ ವಿಷಯ ಅಮ್ಮ. ನಾನು ಹೇಳೋ ಹಾಗಿಲ್ಲ."

ಸೊಸೆ ಅವರನ್ನು ನೋಡಿದಳು. ಮೆಣಸು ಲೆಕ್ಕ ಬಿಟ್ಟು ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿದಳು. ಎಷ್ಟೋ ವಾರಗಳ ನಂತರ ತಾತನ ಮುಖವನ್ನು ನೆಟ್ಟಗೆ ನೋಡಿದಳು. ಅವರಿಗೆ ಆ ನೋಟವನ್ನು ಎದುರಿಸಲಾಗಲಿಲ್ಲ. ತಲೆ ತಗ್ಗಿಸಿ ಅನ್ನದ ಪಾತ್ರೆ ಎತ್ತಿಕೊಂಡರು.

"ಬಾ ಮಗಾ," ಎಂದರು. "ಅನ್ನ ಇವತ್ತು ಪರವಾಗಿಲ್ಲ."

ಹುಡುಗಿ ಬಂದು ಕೂತು ಒಂದು ತುತ್ತು ಬಾಯಿಗಿಟ್ಟಳು.

"ಉಪ್ಪು ಕಮ್ಮಿ ತಾತ" ಎಂದಳು.